ಬಾಯಿ ಬಿಡದ ಶಾಲೆ

"ಅವ ಹುಡುಕ್ಕೊಂತ ಬಂದ್ರ ನನ್ನ ಮಗಳು ಇಲ್ಲಿ ಓದ್ತಾಳಂತ ಹೇಳಬ್ಯಾಡ್ರಿ" ಎಂದು ಮಗಳನ್ನು ಸೇರಿಸಿದ ದಿನವೇ ತಾಯಿ ಕೈ ಮುಗಿದಿದ್ದಳು. ಆ ತಾಯಿಯ ಕುತ್ತಿಗೆಯ ಮೇಲಿನ ಸುಟ್ಟ ಕಲೆಯನ್ನು ಮುಖ್ಯೋಪಾಧ್ಯಾಯಿನಿ ಮರೆತಿರಲಿಲ್ಲ.

ಇಂದು ಅವನು ಎದುರಿಗೇ ಕೂತಿದ್ದ.

"ನಾ ಆಕಿ ಅಪ್ಪ ಅದೀನ್ರಿ. ಈ ಸಾಲ್ಯಾಗ ಅದಾಳೋ ಇಲ್ಲೋ, ಅಷ್ಟ ಹೇಳ್ರಿ."

"ಮಕ್ಕಳ ಮಾಹಿತಿ ಯಾರಿಗೂ ಕೊಡಂಗಿಲ್ರಿ. ಕಾನೂನೈತಿ."

"ಹಡೆದ ಅಪ್ಪಗೂ?"

"ಅಪ್ಪಗೂ. ಎದ್ದು ಹೋಗ್ರಿ, ಇಲ್ಲಾಂದ್ರ ಪೊಲೀಸರಿಗೆ ಫೋನ್ ಮಾಡ್ತೀನಿ."

ಅವನನ್ನು ಹೊರಗೆ ಕಳಿಸಲು ಜವಾನನನ್ನು ಕೂಗಿದರು. ಜವಾನ ಗೇಟಿನ ಬಳಿ ಏಣಿ ಹತ್ತಿದ್ದ. ಅಷ್ಟರಲ್ಲಿ ಬಂದವನು ತಾನೇ ಎದ್ದು ಹೋದ.

ಮುಖ್ಯೋಪಾಧ್ಯಾಯಿನಿ ತಕ್ಷಣ ತಾಯಿಗೆ ಫೋನ್ ಮಾಡಿದರು. "ಬಂದಿದ್ದ. ನಾ ಬಾಯಿ ಬಿಡ್ಲಿಲ್ಲ. ಇಲ್ಲಿ ಇಲ್ಲಂತ ತಿಳಕೊಂಡು ಹೋದ."

ಆ ಕಡೆಯಿಂದ ಅಳು ಕೇಳಿಸಿತು. "ಹಂಗಾರ ಈ ಊರೂ ಬಿಡೂದು ಬ್ಯಾಡೇನ್ರಿ?"

"ಬ್ಯಾಡವಾ. ನಿಶ್ಚಿಂತಿಂದ ಇರು."

ಗೇಟಿನ ಹೊರಗೆ ಅವನು, ಜವಾನ ಆಗಷ್ಟೇ ಕಟ್ಟಿ ಮುಗಿಸಿದ್ದ ಫ್ಲೆಕ್ಸಿನಲ್ಲಿ ಮಗಳ ನಗುಮುಖದ ಕೆಳಗಿದ್ದುದನ್ನು ನಿಧಾನವಾಗಿ ಓದುತ್ತಿದ್ದ: 'ಪ್ರಬಂಧ ಸ್ಪರ್ಧೆಯಲ್ಲಿ ತಾಲೂಕಿಗೇ ಪ್ರಥಮ, ನಮ್ಮ ಶಾಲೆಯ ಹೆಮ್ಮೆ, ಕು. ನೀಲಾಂಬಿಕಾ ಈರಪ್ಪ ಹಡಗಲಿ, ಒಂಬತ್ತನೇ ತರಗತಿ, ಬಿ ವಿಭಾಗ.'