ತೊಂಬತ್ತಾರು ಪರ್ಸೆಂಟ್ ಹೊಂದಾಣಿಕೆ

ನೀಲಿ ಅಂಗಿ, ಕಿಟಕಿ ಪಕ್ಕದ ಮೇಜು, ನಾಲ್ಕು ಗಂಟೆ. ಸಂದೇಶದಲ್ಲಿ ಹೇಳಿದ್ದ ಮೂರೂ ಸರಿಯಾಗಿತ್ತು. ಆದರೂ ಅವಳು ಕಾಫಿ ಅಂಗಡಿಯ ಬಾಗಿಲಲ್ಲೇ ನಿಂತು ಅವನನ್ನು ಅನುಮಾನದಿಂದ ನೋಡಿದಳು. ಮೇಷ್ಟ್ರ ಥರ ಕಾಣಲಿಲ್ಲ.

ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಹದಿನಾರು ವರ್ಷದ ಕೆಲಸ. ಹಗಲೆಲ್ಲ ಇನ್ನೊಬ್ಬರ ನಗುವನ್ನು ತಿದ್ದಿ ತೀಡಿ, ಸಂಜೆ ಮನೆಗೆ ಹೋಗಿ ಟಿವಿಯ ಜೊತೆ ಮಾತಾಡುತ್ತಿದ್ದಳು. ಅಕ್ಕ ಬೆನ್ನು ಹತ್ತಿದ ಮೇಲೆ ಡೇಟಿಂಗ್ ಸೈಟುಗಳ ಸಹವಾಸಕ್ಕೆ ಬಿದ್ದಳು. ಮೊದಲನೆಯದರಲ್ಲಿ ಗಂಡಸರೆಲ್ಲ ಬೈಕಿಗೆ ಒರಗಿ ನಿಂತಿದ್ದರು. ಎರಡನೆಯದರಲ್ಲಿ ಮಾತು ‘ಊಟ ಆಯ್ತಾ’ ದಾಟಿ ಮುಂದೆ ಹೋಗಲೇ ಇಲ್ಲ. ಮೂರನೆಯದು ಫೋಟೋ ಕೇಳಲಿಲ್ಲ, ನೂರಾ ಹನ್ನೆರಡು ಪ್ರಶ್ನೆ ಕೇಳಿತು. ಸಮಾನ ಮನಸ್ಕರಿಗೆ ಮಾತ್ರ ಎಂದಿತ್ತು. ಅದನ್ನೇ ಆರಿಸಿದಳು. ಸಿಕ್ಕವನು ಶಾಲಾ ಮೇಷ್ಟ್ರು. ಹೊಂದಾಣಿಕೆ ತೊಂಬತ್ತಾರು ಪರ್ಸೆಂಟ್. ಇಬ್ಬರೂ ಬೆಳಿಗ್ಗೆ ಐದಕ್ಕೆ ಏಳುವವರು. ಸಕ್ಕರೆಯಿಲ್ಲದ ಕಾಫಿ, ಪದಬಂಧದ ಹುಚ್ಚು. ಸಾಕುಪ್ರಾಣಿಗಳೆಂದರೆ ಅಷ್ಟಕ್ಕಷ್ಟೆ.

“ಇದೇ ಕೊನೆ,” ಎಂದು ಅಕ್ಕನಿಗೆ ಹೇಳಿಯೇ ಬಂದಿದ್ದಳು. ಧೈರ್ಯ ಮಾಡಿ ಹೋಗಿ ಎದುರಿಗೆ ಕೂತಳು.

“ನಾನು ಬಂದಿದ್ದು ತಡ ಆಯ್ತಾ?”

ಅವನು ತಬ್ಬಿಬ್ಬಾದ. “ತಡಾನಾ? ಮೇಡಂ, ನಾನು...”

“ಮೊದ್ಲು ನಾನು ಹೇಳಿಬಿಡ್ತೀನಿ. ಆಮೇಲೆ ಧೈರ್ಯ ಇರಲ್ಲ.” ಒಂದೇ ಉಸಿರಿಗೆ ಲ್ಯಾಬು, ಮನೆ, ಒಂಟಿತನ ಎಲ್ಲ ಹೇಳಿ ಮುಗಿಸಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ, “ಟಿವಿ ತಿರುಗಿ ಮಾತಾಡುತ್ತಾ?”

ಅವಳಿಗೆ ನಗು ತಡೆಯಲಾಗಲಿಲ್ಲ.

ಕಾಫಿ ಬಂತು. ಅವನು ಮೂರು ಚಮಚ ಸಕ್ಕರೆ ಸುರಿದುಕೊಂಡ.

“ಸಕ್ಕರೆ ಹಾಕ್ಕೊಳ್ಳಲ್ಲ ಅಂತ ಬರೆದಿದ್ರಲ್ಲ?”

“ನಾನಾ? ನಾನು ಪೆನ್ನು ಹಿಡಿಯೋದೇ ಅಪರೂಪ.”

ಮೇಷ್ಟ್ರ ಹಾಸ್ಯ ಎಂದುಕೊಂಡಳು. ರಜೆಯ ದಿನ ಒಂಬತ್ತಕ್ಕೆ ಮೊದಲು ಅವನಿಗೆ ಬೆಳಗಾಗುವುದೇ ಇಲ್ಲವಂತೆ. ಪದಬಂಧ ಕಂಡರೆ ಆಕಳಿಕೆಯಂತೆ. ಮನೆಯಲ್ಲಿ ಮೂರು ಬೆಕ್ಕು ಬಿಟ್ಟರೆ ಇನ್ಯಾರೂ ಇಲ್ಲ. ಮೂರಕ್ಕೂ ಸೋದರತ್ತೆಯರ ಹೆಸರು. ನೂರಾ ಹನ್ನೆರಡು ಪ್ರಶ್ನೆಗೂ ಸುಳ್ಳೇ ಬರೆದನೇ ಈ ಮಹಾರಾಯ? ಕೋಪ ಬರಬೇಕಿತ್ತು, ಬರಲಿಲ್ಲ. ಬೆಕ್ಕುಗಳ ವಿಷಯಕ್ಕೆ ಇಬ್ಬರೂ ಜಗಳವಾಡಿದರು. ಹಿರಿಯತ್ತೆ ಪರದೆ ಹತ್ತಿ ಇಳಿಯಲಾರದೆ ಕೂಗಿದ್ದನ್ನು ಅವನು ಅಭಿನಯಿಸಿ ತೋರಿಸಿದಾಗ ಅವಳ ಕಣ್ಣಲ್ಲಿ ನೀರೇ ಬಂತು. ಅಂಗಡಿಯ ಯಜಮಾನ ಎರಡು ಸಲ ಬಂದು ಅವನನ್ನು ದುರುಗುಟ್ಟಿ ನೋಡಿ ಹೋದ. ತಮ್ಮ ಗಲಾಟೆಗಿರಬೇಕು ಎಂದು ಅವಳು ದನಿ ತಗ್ಗಿಸಿದಳು.

“ಮುಂದಿನ ಭಾನುವಾರ ಸಿಗೋಣ್ವಾ?” ಐದೂವರೆಗೆ ಕೇಳಿಯೇಬಿಟ್ಟಳು.

ಅವನ ಮುಖ ಅರಳಿತು. ಮರುಕ್ಷಣ ಬಾಡಿತು. “ಒಂದು ವಿಷ್ಯ ಹೇಳ್ಬೇಕು. ಹೇಳಿದ್ರೆ ನೀವು ಹೊರಟುಬಿಡ್ತೀರೇನೋ ಅಂತ ಇಷ್ಟು ಹೊತ್ತು ನುಂಗ್ಕೊಂಡಿದ್ದೆ.”

ಇಂಥ ಮಾತಿನ ಹಿಂದೆ ಹೆಂಡತಿಯೊಬ್ಬಳು ಇದ್ದೇ ಇರುತ್ತಾಳೆ. ಅವನ ಮುಖ ನೋಡಲಾರದೆ ಮೊಬೈಲ್ ತೆಗೆದಳು. ಸೈಟಿನಲ್ಲಿ ಸಂದೇಶವೊಂದು ಬಂದು ಕೂತಿತ್ತು, ಮೂರೂಮುಕ್ಕಾಲಿನದು. ‘ಜ್ವರ ಬಂದಿದೆ. ಇಂದು ಬರಲಾಗುತ್ತಿಲ್ಲ, ಕ್ಷಮಿಸಿ. ಇಂತಿ, ಮೇಷ್ಟ್ರು.’

ನಿಧಾನವಾಗಿ ತಲೆಯೆತ್ತಿದಳು. “ಮತ್ತೆ ನೀವು?”

“ಇಲ್ಲಿ ಫ್ರಿಜ್ ರಿಪೇರಿಗೆ ಬಂದೋನು. ಒಂದು ಕಾಫಿ ಕುಡಿದು ಶುರು ಮಾಡೋಣ ಅಂತ ಕೂತಿದ್ದೆ.”

ಅವಳು ಅವನನ್ನೇ ನೋಡಿದಳು. ಆಮೇಲೆ ಕುರ್ಚಿಗೆ ಒರಗಿ ಕೂತಳು. “ಬೇಗ ಮುಗಿಸ್ಕೊಂಡು ಬನ್ನಿ ಮತ್ತೆ. ನಾನಿಲ್ಲೇ ಇರ್ತೀನಿ.”