ದೀಪದ ಬಣ್ಣ ಹೇಳುವವಳು

"ಹಸಿರಾಯ್ತೇನೇ?" ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದ್ದ ಗಡಿಯಾರ ರಿಪೇರಿಯ ಮುದುಕ ಎರಡನೇ ಸಲ ಕೇಳಿದಾಗಲೂ ಪಕ್ಕದ ಸೀಟಿನಿಂದ ಉತ್ತರ ಬರಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದಿದ್ದ ಹೆಂಡತಿ ಸುಸ್ತಾಗಿ ನಿದ್ದೆಹೋಗಿದ್ದಳು. ಹಿಂದಿನಿಂದ ಹಾರ್ನ್‌ಗಳು ಶುರುವಾದವು.

ದೃಷ್ಟಿಯ ನಡುಭಾಗ ಮಸುಕಾಗುತ್ತಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ ವಾರವೇ ಅವನು ಈ ಕಾರು ಕೊಂಡಿದ್ದ. ಅದು ತಾನಾಗಿ ಓಡುವ ಸೌಲಭ್ಯಕ್ಕೆಂದು ಬೇರೆಯಾಗಿ ಹಣವನ್ನೂ ಕಟ್ಟಿದ್ದ. ಆರು ವರ್ಷದಿಂದ ಆ ಸೌಲಭ್ಯ 'ಮುಂದಿನ ಅಪ್‌ಡೇಟ್‌ನಲ್ಲಿ' ಬರುತ್ತಲೇ ಇತ್ತು. "ನಿಮ್ಮ ಕಣ್ಣು ಮೊದಲು ಹೋಗುತ್ತೋ, ಅವರ ಅಪ್‌ಡೇಟು ಮೊದಲು ಬರುತ್ತೋ ನೋಡೋಣ," ಎಂದು ಹೆಂಡತಿ ನಗುತ್ತಿದ್ದಳು. ಕಣ್ಣೇ ಮೊದಲು ಕೈಕೊಟ್ಟಿತು. ಅಂದಿನಿಂದ ಸಿಗ್ನಲ್ಲಿನ ಬಣ್ಣವನ್ನು ಅವಳೇ ಹೇಳುತ್ತಿದ್ದಳು.

ಪೊಲೀಸಿನವನು ಕಿಟಕಿ ಬಡಿದ. "ಏನಜ್ಜ, ಮೂರು ಸಲ ಹಸಿರು ಬಿತ್ತು. ಇಲ್ಲೇ ಮನೆ ಕಟ್ಟೋ ಯೋಚನೆನಾ?"

ಕಾರು ಕೆಟ್ಟಿದೆ ಎನ್ನುವ ಸುಳ್ಳು ನಾಲಗೆಯ ತುದಿಗೆ ಬಂತು. ನಾಡಿದ್ದು ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕು, ಕರೆದೊಯ್ಯಲು ಬೇರೆ ಯಾರೂ ಇಲ್ಲ. ಅವನು ಅವಳ ಮಣಿಕಟ್ಟು ಹಿಡಿದು ನೋಡಿದ. ನಾಡಿ ನಿಧಾನವಾಗಿ, ತಪ್ಪದೆ ಹೊಡೆಯುತ್ತಿತ್ತು.

"ನನಗೆ ದೀಪ ಕಾಣಿಸಲ್ಲಪ್ಪ," ಎಂದು ಕೀಲಿಯನ್ನು ದನಿ ಬಂದ ಕಡೆಗೆ ಚಾಚಿದ. "ಅವಳನ್ನ ಎಬ್ಬಿಸಬೇಡ. ಮನೆವರೆಗೆ ನೀನೇ ಓಡಿಸ್ತೀಯಾ?"