ಮೂರು ಕಾಸಿನ ಮಾಜಿ ಮಂತ್ರಿ

"ಮುಖ್ಯಮಂತ್ರಿಗಳನ್ನ ಮಂಚದ ಕೆಳಗೆ ತಳ್ಳೋ, ಬೇಗ!" ಎಂದರು ಅಪ್ಪಯ್ಯಣ್ಣ.

ಮುರಳಿ ಮೂವರು ಮುಖ್ಯಮಂತ್ರಿಗಳನ್ನು ಚೌಕಟ್ಟು, ಗಾಜು, ಹಾರ ಸಮೇತ ಮಂಚದಡಿಗೆ ಸರಿಸಿದ. ಅವರ ಜೊತೆ ಕೈಕುಲುಕುತ್ತಿದ್ದ ಅಪ್ಪಯ್ಯಣ್ಣನೂ ಅಲ್ಲಿಗೇ ಹೋದರು. ಪೇಟ, ಶಾಲುಗಳು ಅಕ್ಕಿ ಡ್ರಮ್ಮಿನ ಹಿಂದೆ ಸೇರಿದವು. ಬೆಳಿಗ್ಗೆಯಿಂದ ಅರ್ಜಿ ಹಿಡಿದು ನಿಂತಿದ್ದ ಜನವನ್ನು ಮುರಳಿ ಆಗಲೇ ನಾಳೆ ಬನ್ನಿ ಎಂದು ಸಾಗಹಾಕಿದ್ದ.

ಅಪ್ಪಯ್ಯಣ್ಣ ಮಂತ್ರಿಯಾಗಿದ್ದಾಗ ಮುರಳಿ ಅವರ ಆಪ್ತ ಸಹಾಯಕ. ಈಗ ಅವರ ಟ್ರಸ್ಟಿನ ಕಾರ್ಯದರ್ಶಿ. ಜಡಿಗೇನಹಳ್ಳಿಯಲ್ಲಿ ಡಯಾಲಿಸಿಸ್ ಕೇಂದ್ರ ತೆರೆಯಬೇಕೆಂಬ ಪುಣ್ಯದ ಯೋಚನೆ ಅಪ್ಪಯ್ಯಣ್ಣನಿಗೆ ಚುನಾವಣೆ ಸೋತ ಮೇಲೆ ಬಂದದ್ದು. "ಗೆದ್ದಾಗ ಯೋಚನೆ ಮಾಡೋಕೆ ಪುರುಸೊತ್ತೆಲ್ಲಿತ್ತು?" ಎಂದು ತಾವೇ ನಗುತ್ತಿದ್ದರು. ಕಟ್ಟಡವೇನೋ ಎದ್ದಿತು. ಯಂತ್ರಗಳಿಲ್ಲದೆ ಅದರೊಳಗೆ ಈಗ ಯಾರದೋ ಮೇಕೆಗಳು ಮಲಗುತ್ತಿದ್ದವು.

ಯಂತ್ರ ದಾನ ಕೊಡಬಲ್ಲದ್ದು ಒಂದು ವಿದೇಶಿ ಕಂಪನಿ. ಅಪ್ಪಯ್ಯಣ್ಣ ಮಂತ್ರಿಯಾಗಿದ್ದಾಗ ಹೊಸಕೋಟೆ ರಸ್ತೆಯಲ್ಲಿ ದೊಡ್ಡ ಗೋದಾಮು ಕಟ್ಟಿದ್ದು ಅದೇ ಕಂಪನಿ. ಜಾಗ ಕೊಡಿಸಿದ ಸಹಿ ಅಪ್ಪಯ್ಯಣ್ಣನದು. ಆ ಋಣಕ್ಕೆ ಕಂಪನಿಯವರು ಅವರಿಗೆ ಹೊರದೇಶ ತೋರಿಸಿಕೊಂಡು ಬಂದಿದ್ದರು. ಅಲ್ಲಿಂದ ಅವರು ತಂದದ್ದು ಕರಗಿದ ಚಾಕೊಲೇಟು ಮತ್ತು ಹೊಟ್ಟೆಗೆ ಹಿಡಿಸದ ಒಂದು ಕೋಟು.

"ಈಗ ಕಾಲ ಹಂಗಿಲ್ಲ ಸಾರ್," ಎಂದು ಮುರಳಿ ಎಚ್ಚರಿಸಿದ್ದ. "ಹೊರದೇಶದ ಕಂಪನಿಗಳಲ್ಲಿ ನೀತಿ ನೋಡೋಕೇ ಬೇರೆ ಇಲಾಖೆ ಐತೆ. ರಾಜಕೀಯದ ವಾಸನೆ ಬಡಿದ್ರೆ ಒಂದು ನಟ್ಟೂ ಬರಲ್ಲ. ನೀವು ಮೂರು ಕಾಸಿನ ಬೆಲೆ ಇಲ್ಲದೋರು ಅಂತ ತೋರಿಸ್ಬೇಕು."

"ಅಷ್ಟೇ ತಾನೆ? ಮತದಾರರು ಆಗಲೇ ಸರ್ಟಿಫಿಕೇಟ್ ಕೊಟ್ಟವ್ರಲ್ಲ."

ಜಗಲಿಯ ಮೇಲೆ ಪಾಪಯ್ಯ ಕೂತಿದ್ದ. ಅಪ್ಪಯ್ಯಣ್ಣನ ಜೊತೆ ಕೆರೆಯಲ್ಲಿ ಈಜು ಕಲಿತವನು. ಎರಡೂ ಕಿಡ್ನಿ ಕೈಕೊಟ್ಟು, ದಿನ ಬಿಟ್ಟು ದಿನ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ. ವಾಪಸು ಬರುವಾಗ ಬಸ್ಸಿಳಿಯಲೂ ಇನ್ನೊಬ್ಬರ ಕೈ ಬೇಕಿತ್ತು. ಅವನ ಮುಖ ನೋಡಿದಾಗಲೆಲ್ಲ ಅಪ್ಪಯ್ಯಣ್ಣ "ಮುಂದಿನ ತಿಂಗಳು ಇಲ್ಲೇ ಆಗುತ್ತೆ ಕಣೋ" ಎನ್ನುತ್ತಿದ್ದರು.

ಕಾರು ಬಂತು. ಇಳಿದವಳು ಕಂಪನಿಯ ಪ್ರತಿನಿಧಿ ವಾಣಿಶ್ರೀ. ಖಾಲಿ ಗೋಡೆಗಳನ್ನು ಒಂದು ಸುತ್ತು ನೋಡಿ ಕೂತಳು.

"ಮಂತ್ರಿಗಳಾಗಿದ್ದೋರ ಮನೆ. ಬಾಗಿಲಲ್ಲಿ ಜನ ಇರ್ತಾರೆ ಅಂದ್ಕೊಂಡಿದ್ದೆ."

"ಸೋತೋನ ಮನೆಗೆ ಯಾರು ಬರ್ತಾರಮ್ಮ?"

"ನಮ್ಮ ಕಂಪನಿ ನಿಮ್ಮನ್ನ ಹೊರದೇಶಕ್ಕೆ ಕರ್ಕೊಂಡು ಹೋಗಿತ್ತಲ್ವಾ ಸಾರ್?"

ಅಪ್ಪಯ್ಯಣ್ಣ ಬೆವೆತರು. "ನಂಗೆ ಮರೆವು ಜಾಸ್ತಿಯಮ್ಮ."

"ನಮ್ಮೋರು ಮರೆತಿಲ್ಲ ಸಾರ್," ಎಂದು ಅವಳು ನಕ್ಕಳು. "ತಹಸೀಲ್ದಾರ್ ಕಚೇರಿ ಕಡೆ ಹೋಗ್ತಿರ್ತೀರಾ?"

"ಹೋದ್ರೆ ಸಾಲಲ್ಲಿ ನಿಲ್ಲಿಸ್ತಾರೆ." ತಹಸೀಲ್ದಾರರು ಬಂದು ಕಾಲಿಗೆ ಬಿದ್ದು ಹೋಗಿ ವಾರವೂ ಆಗಿರಲಿಲ್ಲ.

"ಫೋನ್ ಮಾಡಿದ್ರೆ ಅಧಿಕಾರಿಗಳು ಎತ್ತಲ್ವಾ?"

ಆಗಲೇ ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳಬೇಕೆ! ತೆರೆಯ ಮೇಲೆ ಉಪವಿಭಾಗಾಧಿಕಾರಿಗಳ ಹೆಸರು. ಅಪ್ಪಯ್ಯಣ್ಣ ಅದನ್ನು ಬೋರಲು ಹಾಕಿದರು. "ಸಾಲ ಬೇಕಾ ಅಂತ ಕೇಳೋರಮ್ಮ. ನಂಗೆ ಫೋನ್ ಮಾಡೋರು ಈಗ ಅವರೊಬ್ರೇ."

ಕಾಫಿ ತಂದ ಹೆಂಡತಿ ಲಕ್ಕಮ್ಮನವರು ತಾವೂ ಕೈಜೋಡಿಸಿದರು. "ಇವರ ಮಾತು ನಮ್ಮನೇಲೇ ನಡೆಯಲ್ಲ ತಾಯಿ. ನಲ್ಲಿ ರಿಪೇರಿಗೆ ಕರೆದ್ರೆ ಪ್ಲಂಬರೂ ಬರಲ್ಲ." ಇದು ಮುರಳಿ ಹೇಳಿಕೊಟ್ಟದ್ದಲ್ಲ. ಹೆಂಡತಿ ಇಷ್ಟು ಹುರುಪಿನಿಂದ ಹೇಳಬೇಕಾಗಿರಲಿಲ್ಲ ಎಂದು ಅಪ್ಪಯ್ಯಣ್ಣನಿಗೆ ಅನ್ನಿಸಿತು.

"ನಮ್ಮ ಗೋದಾಮಿನ ಹಿಂದಿನ ಗೋಮಾಳ ಇನ್ನೂ ಹಾಗೇ ಇದೆಯಾ?" ವಾಣಿಶ್ರೀ ಕಾಫಿ ಹೀರುತ್ತ ಕೇಳಿದಳು.

ಬಲೆ! ಎಷ್ಟು ನಯವಾಗಿ ಬೀಸುತ್ತಾಳೆ! ಅಪ್ಪಯ್ಯಣ್ಣ ಮನಸ್ಸಿನಲ್ಲೇ ತಮ್ಮ ಬುದ್ಧಿಗೆ ಶಹಭಾಸ್ ಎಂದರು.

"ಐತಮ್ಮ. ಹಸು ಮೇಯ್ತವೆ. ಸರ್ಕಾರಿ ಜಮೀನಿನ ತಂಟೆಗೆ ನಾನು ಹೋಗೋನಲ್ಲ. ಹೋದ್ರೂ ನನ್ನ ಮಾತು ನಾಯೀನೂ ಕೇಳಲ್ಲ."

ಅವಳು ಜಗಲಿಯತ್ತ ತಿರುಗಿದಳು. "ಯಜಮಾನ್ರೇ, ನೀವು ಹೇಳಿ. ಇವರ ಕೈಯಲ್ಲಿ ಕೆಲಸ ಆಗುತ್ತಾ?"

ಪಾಪಯ್ಯನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನು ಗೆಳೆಯನ ಮುಖ ನೋಡಿದ. "ಮುಂದಿನ ತಿಂಗಳು, ಮುಂದಿನ ತಿಂಗಳು ಅಂತಾನೇ ಅವ್ನೆ. ಇನ್ನೂ ಆಗ್ಲಿಲ್ಲ ಕಣವ್ವಾ. ಆದ್ರೆ ಮನ್ಸ ಒಳ್ಳೇವ್ನು."

ಅಪ್ಪಯ್ಯಣ್ಣನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಕಾಸು ಕೊಟ್ಟರೂ ಇಂಥ ಸಾಕ್ಷಿ ಸಿಗುವುದಿಲ್ಲ.

ವಾಣಿಶ್ರೀ ಎದ್ದು ಕೈಮುಗಿದಳು. "ಬಂದಿದ್ದು ಒಳ್ಳೇದಾಯ್ತು ಸಾರ್. ಎಲ್ಲಾ ಗೊತ್ತಾಯ್ತು. ಇನ್ನು ನಿಮಗೆ ತೊಂದರೆ ಕೊಡಲ್ಲ."

ಮುರಳಿ ಅವಳನ್ನು ಕಾರಿನವರೆಗೆ ಬಿಡಲು ಹೋದ. ಅಪ್ಪಯ್ಯಣ್ಣ ಪಾಪಯ್ಯನ ಪಕ್ಕ ಧೊಪ್ಪನೆ ಕೂತರು.

"ಪಾಸಾದೆ ಕಣೋ! ಎಸ್ಸೆಸ್ಸೆಲ್ಸಿಲಿ ಡುಮ್ಕಿ, ಎಲೆಕ್ಷನ್‌ನಲ್ಲಿ ಡುಮ್ಕಿ. ಹುಟ್ಟಿದಾಗಿಂದ ಒಂದೇ ಏಟಿಗೆ ಪಾಸಾಗಿದ್ದು ಇದೊಂದೇ ಪರೀಕ್ಷೆ, ಅದೂ ನೀತಿ ಪರೀಕ್ಷೆ! ಇನ್ನು ನೀನು ಬೆಂಗಳೂರು ಬಸ್ ಹತ್ತೋದು ಬ್ಯಾಡ."

ಪಾಪಯ್ಯ ಅವರ ಕೈ ಹಿಡಿದುಕೊಂಡ. ಬಿಡಲೇ ಇಲ್ಲ. ಸುಳ್ಳು ಹೇಳಿಯಾದರೂ ಒಮ್ಮೆ ಯೋಗ್ಯನಾದೆನಲ್ಲ ಎಂದು ಅಪ್ಪಯ್ಯಣ್ಣನ ಕಣ್ಣು ತುಂಬಿತು.

ಮುರಳಿ ಗೇಟಿನಿಂದ ಕಾಲೆಳೆದುಕೊಂಡು ಬಂದ. ಮುಖದಲ್ಲಿ ಕಳೆಯಿರಲಿಲ್ಲ.

"ಆಯಮ್ಮ ಕಾರಲ್ಲಿ ಕೂತು ಫೋನಲ್ಲಿ ಹೇಳ್ತಿದ್ರು ಸಾರ್: 'ಆ ಗೋಮಾಳ ನಮಗೆ ಮಾಡಿಸಿಕೊಡೋ ತಾಕತ್ತು ಪಾಪ ಇವರಲ್ಲಿ ಉಳಿದಿಲ್ಲ, ಯಂತ್ರಗಳನ್ನ ಇವರನ್ನ ಸೋಲಿಸಿದೋರ ಟ್ರಸ್ಟಿಗೇ ಕಳಿಸಿಬಿಡಿ.'"